‘ಮಿಸ್’ ಖಾನೆಯ ಕಾರ್ಡುಗಳು

ಆ ಗುರುವಾರ ಬೆಳಿಗ್ಗೆ ನಾನು ಕೊಡೆ ಮಡಿಸಿ ಮೂಲೆಗೆ ಒರಗಿಸುವಷ್ಟರಲ್ಲೇ ಕಿರಿಯ ಸಂಪಾದಕಿ ಅಕ್ಕನ ಮೇಜಿನ ಮುಂದೆ ಬಂದು ನಿಂತಳು. ಅವಳ ಮುಖ ಬಿಳಿಚಿಕೊಂಡಿತ್ತು. ಕ್ರಿಯಾಪದಗಳ ಬೀರುವಿನಲ್ಲಿ ‘ಮಿಸ್’ ಎಂಬ ಖಾನೆ ಖಾಲಿಯಾಗಿದೆ, ಅದರಲ್ಲಿದ್ದ ಕಾರ್ಡುಗಳಲ್ಲಿ ಒಂದೂ ಉಳಿದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು.

ಅಕ್ಕ ಕೈಯಲ್ಲಿದ್ದ ಭೂತಗನ್ನಡಿಯನ್ನು ಕೆಳಗಿಟ್ಟರು. "ಬೀರುವಿನ ಬೀಗ?"

"ಹಾಕಿದ ಹಾಗೇ ಇತ್ತು ಅಕ್ಕ. ಈಗ ನಾನೇ ತೆಗೆದೆ. ಆದ್ರೆ ಕಿಟಕಿ ಮಾತ್ರ ಹಾರು ಹೊಡೆದಿತ್ತು."

ಇದನ್ನು ಬರೆಯುವ ಹೊತ್ತಿಗೆ ಆ ಕಚೇರಿಯೂ ಇಲ್ಲ, ಆ ಬೀರುಗಳೂ ಇಲ್ಲ. ಕೆಳಗಡೆ ಚಪ್ಪಲಿ ಅಂಗಡಿ, ಮೇಲೆ ನಮ್ಮ ನಿಘಂಟು ಕಚೇರಿ. ನಡುವೆ ಕಿರುಗುಟ್ಟುವ ಮರದ ಮೆಟ್ಟಿಲು. ಅಂಟು, ಮಸಿ, ಹಳೆಯ ಕಾಗದ ಮತ್ತು ಕೆಳಗಿನಿಂದ ಬರುವ ಹೊಸ ಚರ್ಮ, ಇವೆಲ್ಲ ಸೇರಿದ ಒಂದು ವಾಸನೆ ನಮ್ಮ ಅಂಗಿಗೆ ಹತ್ತಿ ಮನೆಯವರೆಗೂ ಬರುತ್ತಿತ್ತು. ಈಗ ಆ ಮಹಡಿಯಲ್ಲಿ ವ್ಯಾಯಾಮ ಶಾಲೆಯಿದೆ. ಮೊನ್ನೆ ಆ ದಾರಿಯಲ್ಲಿ ಹೋದವನು ಸುಮ್ಮನೆ ಮೇಲೆ ನೋಡಿದೆ. ಅಕ್ಕ ಕೂರುತ್ತಿದ್ದ ಕಿಟಕಿಯಲ್ಲಿ ಯಾರೋ ಒಬ್ಬ ದಾಂಡಿಗ ಕಬ್ಬಿಣ ಎತ್ತುತ್ತಿದ್ದ. ಅವನೇನೂ ನನಗೆ ಅನ್ಯಾಯ ಮಾಡಿದವನಲ್ಲ, ಆದರೂ ಅವನ ಮೇಲೆ ಸಿಟ್ಟು ಬಂತು.

ಇಂಗ್ಲಿಷ್ ಪದಗಳಿಗೆ ನಮ್ಮ ಮಾತಿನಲ್ಲಿ ಅರ್ಥ ಕೊಡುವ ದೊಡ್ಡ ನಿಘಂಟು ಅಲ್ಲಿ ತಯಾರಾಗುತ್ತಿತ್ತು. ಅಕ್ಕ ಅದರ ಕರಡು ತಿದ್ದುವವರು, ನಾನು ಅವರಿಗೆ ಓದಿ ಹೇಳುವವನು. ಮೂಲ ಕಾರ್ಡುಗಳನ್ನು ನಾನು ಗಟ್ಟಿಯಾಗಿ ಓದಬೇಕು, ಅವರು ಭೂತಗನ್ನಡಿ ಹಿಡಿದು ಅಚ್ಚಾದ ಕರಡಿನಲ್ಲಿ ಹೋಲಿಸಿ ನೋಡಬೇಕು. ಅಲ್ಪವಿರಾಮ, ಅರ್ಧವಿರಾಮಗಳನ್ನೂ ಬಾಯಿಬಿಟ್ಟು ಹೇಳಬೇಕಿತ್ತು. ಆ ಚಾಳಿ ಮನೆಗೂ ಅಂಟಿಕೊಂಡು ನನ್ನ ಹೆಂಡತಿ ತಲೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಅಕ್ಕನಿಗೆ ಕಚೇರಿಯವರೆಲ್ಲ ಬೆನ್ನ ಹಿಂದೆ ‘ಭೂತಗನ್ನಡಿ’ ಎನ್ನುತ್ತಿದ್ದರು. ಕರಡಿನ ತಪ್ಪನ್ನಷ್ಟೇ ಅಲ್ಲ, ಕಚೇರಿಯ ತಪ್ಪುಗಳನ್ನೂ ಅವರೇ ಹಿಡಿಯುತ್ತಿದ್ದರು. ಪ್ರಧಾನ ಸಂಪಾದಕರ ಕನ್ನಡಕ ಅಂಟಿನ ಡಬ್ಬಿಗೆ ಬಿದ್ದದ್ದು ಹೇಗೆ, ಸಕ್ಕರೆ ಡಬ್ಬಿ ಬೇಗ ಬೇಗ ಖಾಲಿಯಾಗುವುದು ಯಾರಿಂದ, ಇಂಥವನ್ನೆಲ್ಲ ಕುರ್ಚಿಯಿಂದ ಏಳದೆ ಹೇಳಿಬಿಡುತ್ತಿದ್ದರು. ಸಕ್ಕರೆಯ ವಿಷಯದಲ್ಲಿ ಸಿಕ್ಕಿಬಿದ್ದವನು ನಾನೇ. ಆಮೇಲೆ ಅವರ ಪತ್ತೇದಾರಿಕೆಗೆಲ್ಲ ನಾನೇ ಬಲಗೈ ಬಂಟನಾದೆ.

ಇಷ್ಟು ದಿನ ನಡೆದದ್ದೆಲ್ಲ ನಗೆಚಾಟಿಕೆಯ ಮಾತು. ಈ ಸಲ ಹಾಗಿರಲಿಲ್ಲ.

ನಮ್ಮ ನಿಘಂಟಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಕಾರ್ಡುಗಳನ್ನು ಒಂದೊಂದಾಗಿ ಕರಡಿನೊಂದಿಗೆ ಹೋಲಿಸದೆ ಯಾವ ಪುಟಕ್ಕೂ ಸಹಿ ಬೀಳುವಂತಿಲ್ಲ, ಸಹಿಯಿಲ್ಲದೆ ಪುಟ ಅಚ್ಚಿಗೆ ಹೋಗುವಂತಿಲ್ಲ. ಅಂದು ನಾವು ಓದಬೇಕಿದ್ದ ಪುಟವೇ ‘ಮಿಸ್’ ಪುಟ. ಅದಕ್ಕಾಗಿ ಮುದ್ರಣಾಲಯ ಯಂತ್ರ ನಿಲ್ಲಿಸಿಕೊಂಡು ಕೂತಿತ್ತು.

ಪ್ರಧಾನ ಸಂಪಾದಕರು ಬಂದರು. ಅವರು ಒಂದು ಮಾತು ಹೇಳಿದರೆ ಆ ವಿಷಯ ಅಲ್ಲಿಗೆ ಮುಗಿಯಿತು ಎಂದೇ ಲೆಕ್ಕ. ಹಾಗಾಗಿ ನಾವು ಅವರಿಗೆ ‘ಪೂರ್ಣವಿರಾಮ’ ಎಂದು ಹೆಸರಿಟ್ಟಿದ್ದೆವು. ಖಾಲಿ ಖಾನೆಯನ್ನು ನೋಡಿದರು, ತೆರೆದ ಕಿಟಕಿಯನ್ನು ನೋಡಿದರು, ಕೊನೆಗೆ ಕಿರಿಯ ಸಂಪಾದಕಿಯ ಮುಖವನ್ನು ನೋಡಿದರು. ಅಲ್ಲೇ ಇದ್ದ ಅನುವಾದಕ, ಮಾತು ಮಾತಿಗೂ "ಉದಾಹರಣೆಗೆ" ಎನ್ನುತ್ತಿದ್ದುದರಿಂದ ‘ಉದಾಹರಣೆ’ ಎಂದೇ ಕರೆಸಿಕೊಳ್ಳುತ್ತಿದ್ದವನು, ‘ಮಿಸ್ಸೇ ಮಿಸ್ಸಾಯ್ತಲ್ಲ’ ಎಂದು ನಗಲು ಹೋದ. ಯಾರೂ ನಗಲಿಲ್ಲ.

ಪೂರ್ಣವಿರಾಮ ಅವರ ಸಂಶಯಕ್ಕೆ ಕಾರಣವಿತ್ತು. ಹಿಂದಿನ ವಾರವಷ್ಟೇ ಆ ಪದದ ಮೇಲೆ ದೊಡ್ಡ ರಂಪವಾಗಿತ್ತು. ಕಲ್ಲು ಗುರಿ ತಪ್ಪುವುದು, ರೈಲು ತಪ್ಪಿಹೋಗುವುದು, ಒಂದು ಸಾಲು ಬಿಟ್ಟುಹೋಗುವುದು, ಇವಕ್ಕೆಲ್ಲ ನಮ್ಮಲ್ಲಿ ಮಾತುಗಳಿವೆ, ತಕರಾರಿಲ್ಲ. ಒಬ್ಬರು ಹತ್ತಿರವಿಲ್ಲದಾಗ ಆಗುವ ಸಂಕಟಕ್ಕೂ ಇಂಗ್ಲಿಷಿನವರು ಅದೇ ಕ್ರಿಯಾಪದ ಬಳಸುತ್ತಾರಲ್ಲ, ಕಷ್ಟ ಅಲ್ಲೇ. ಕರಡಿನಲ್ಲಿದ್ದದ್ದು ‘ಕೊರತೆಯನ್ನು ಅನುಭವಿಸು’ ಎಂಬ ಅರ್ಥ. ಕಚೇರಿ ಶುರುವಾದ ಕಾಲದಿಂದ ಯಾರೂ ಮುಟ್ಟದೆ ಉಳಿದಿದ್ದ ಹಳೆಯ ಅರ್ಥ ಅದು. ಉಪ್ಪಿನ ಕೊರತೆ, ನೀರಿನ ಕೊರತೆ ಅಂದ ಹಾಗಿದೆ, ಜನ ಈಗ ‘ಮಿಸ್ ಮಾಡಿಕೊಳ್ಳುತ್ತೇನೆ’ ಅಂತಲೇ ಆಡುತ್ತಾರೆ, ಅದನ್ನೇ ಹಾಕಿ ಎಂದು ಕಿರಿಯ ಸಂಪಾದಕಿ ಹಟ ಹಿಡಿದಳು. ಒಂದು ಪದಕ್ಕೆ ಅದೇ ಪದವನ್ನು ಅರ್ಥವಾಗಿ ಕೊಡುವುದು ಕಳ್ಳತನ ಎಂದು ಪೂರ್ಣವಿರಾಮ ಗದರಿದರು. ಉದಾಹರಣೆ ‘ನೆನೆದು ಕೊರಗು’ ಎಂದ. ಯಾವ ಸಭೆಯಲ್ಲೂ ಬಾಯಿಗೆ ಬಿಡುವು ಕೊಡದ ನಮ್ಮ ಉಪಸಂಪಾದಕರು ಅಂದು ಮಾತ್ರ ಅರ್ಥದ ಬಗ್ಗೆ ತುಟಿ ಬಿಚ್ಚಲಿಲ್ಲ. ಈ ಪುಟವನ್ನು ಒಂದು ವಾರ ತಡೆದರಾಗದೇ ಎಂದು ಕೊನೆಯಲ್ಲಿ ಕೇಳಿದರು, ಅಷ್ಟೇ. ಆಗುವುದಿಲ್ಲ ಎಂದರು ಪೂರ್ಣವಿರಾಮ. ವಿಷಯ ಅಲ್ಲಿಗೆ ಮುಗಿಯಿತು.

ಈಗ ಆ ಖಾನೆ ಖಾಲಿ. ಬೀರುವಿನ ಕೀಲಿ ಕಿರಿಯ ಸಂಪಾದಕಿಯ ಮೇಜಿನಲ್ಲಿರುತ್ತಿತ್ತು. ಬುಧವಾರ ಸಂಜೆ ಕರೆಂಟು ಹೋಗಿ ಎಲ್ಲರೂ ಬೇಗ ಎದ್ದು ಹೊರಟಾಗ, ಕೊನೆಗೆ ಮೆಟ್ಟಿಲಿಳಿದವಳು ಅವಳೇ ಎಂದು ಕೆಳಗಿನ ಕಾವಲುಗಾರ ಹೇಳಿದ. ಕೈಯ ಮಸಿ ತೊಳೆಯಲು ಮಹಡಿಯ ಪಡಸಾಲೆಯ ಕೊನೆಯ ನಲ್ಲಿಗೆ ಹೋಗಿದ್ದೆ, ಅದಕ್ಕೇ ತಡವಾಯಿತು ಎಂದು ಅವಳು ಎಷ್ಟು ಹೇಳಿದರೂ ಪೂರ್ಣವಿರಾಮ ಕಿವಿಗೆ ಹಾಕಿಕೊಳ್ಳಲಿಲ್ಲ.

"ಶನಿವಾರ ಮಧ್ಯಾಹ್ನದೊಳಗೆ ಕಾರ್ಡು ವಾಪಸ್ ಬರ್ಬೇಕು. ಇಲ್ದಿದ್ರೆ ಸೋಮವಾರದಿಂದ ನೀನು ಬರೋದು ಬೇಡ," ಎಂದುಬಿಟ್ಟರು.

ಅವಳು ಅಳಲಿಲ್ಲ. ಬ್ಯಾಂಕಿನ ಭದ್ರವಾದ ಕೆಲಸ ಬಿಟ್ಟು, ಮನೆಯವರ ಬೈಗುಳ ತಿಂದು, ಪದಗಳ ಹುಚ್ಚಿಗೆ ನಮ್ಮಲ್ಲಿಗೆ ಬಂದವಳು. ಕಳ್ಳಿ ಎನಿಸಿಕೊಂಡು ಹೊರಬಿದ್ದರೆ ಮತ್ತೆ ಯಾವ ನಿಘಂಟಿನವರೂ ಅವಳನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಇಂಥ ಕಚೇರಿಗಳು ಊರಿಗೊಂದರಂತೆ ಇರುವುದಿಲ್ಲ. ಅಕ್ಕನ ಹತ್ತಿರ ಬಂದು, "ನಾನು ಜಗಳ ಆಡಿದ್ದು ನಿಜ ಅಕ್ಕ. ಆದ್ರೆ ಕಾರ್ಡ್ ಮುಟ್ಟಿಲ್ಲ. ನೀವಾದ್ರೂ ನಂಬಿ," ಎಂದಳು.

"ನಂಬೋದು ಬಿಡೋದು ಆಮೇಲೆ. ಮೊದಲು ನೋಡ್ತೀನಿ," ಎಂದರು ಅಕ್ಕ. ಅವರು ಹಾಗೆಯೇ. ಸಮಾಧಾನ ಹೇಳುವುದು ಅವರಿಗೆ ಬರುತ್ತಿರಲಿಲ್ಲ.

ಬೀರುವಿನ ಮುಂದೆ ನಿಂತು ಅವರು ಬಹಳ ಹೊತ್ತು ಏನನ್ನೂ ಮುಟ್ಟಲಿಲ್ಲ. ಅದು ದೊಡ್ಡ ಕ್ರಿಯಾಪದಗಳಿಗೆಂದೇ ಇದ್ದ ಬೀರು, ಪದಕ್ಕೊಂದು ಮರದ ಖಾನೆ. ‘ಮೀಟ್’, ‘ಮೈಂಡ್’, ‘ಮಿಸ್’, ‘ಮೂವ್’ ಎಂದು ಚೀಟಿ ಅಂಟಿಸಿದ ಖಾನೆಗಳು ಸಾಲಾಗಿದ್ದವು. ಪಕ್ಕದ ಖಾನೆಗಳೆಲ್ಲ ಅಚ್ಚುಕಟ್ಟಾಗಿ ತುಂಬಿದ್ದವು. ರದ್ದಿ ಕಾಗದದ ಕಳ್ಳನೇ ಕಿಟಕಿಯಿಂದ ನುಗ್ಗಿರಬೇಕು ಎಂದು ಉದಾಹರಣೆ ಹಿಂದಿನಿಂದ ಹೇಳಿದ. ರದ್ದಿಗೆ ಬಂದವನು ಬೀರುಗಟ್ಟಲೆ ಕಾಗದ ಬಿಟ್ಟು ಒಂದು ಹಿಡಿ ಒಯ್ಯುತ್ತಾನೆಯೇ ಎಂದು ಅಕ್ಕ ತಿರುಗಿ ಕೇಳಿದರು. ಅವನು ತಣ್ಣಗೆ ತನ್ನ ಕುರ್ಚಿಗೆ ಹೋದ. ಕಿಟಕಿಯ ಹೊರಗೆ ನೇರ ಗೋಡೆ, ಹಲ್ಲಿ ಬಿಟ್ಟರೆ ಯಾರೂ ಹತ್ತುವಂತಿರಲಿಲ್ಲ.

ಆಮೇಲೆ ಅಕ್ಕ ನನ್ನ ಕೈಗೆ ಉದ್ದನೆಯ ಅಡಿಕೋಲು ಕೊಟ್ಟು ಬೀರುವಿನ ಅಡಿ ಕೆದಕಲು ಹೇಳಿದರು. ನಾನು ನೆಲಕ್ಕೆ ಮಲಗಿ, ಒಗೆದ ಅಂಗಿಯನ್ನು ಹಾಳು ಮಾಡಿಕೊಂಡು, ಧೂಳಿನ ಉಂಡೆ, ಒಂದು ಪೆನ್ನಿನ ಮುಚ್ಚಳ, ಮತ್ತೆ ಒಂದು ಕಾರ್ಡನ್ನು ಎಳೆದು ತೆಗೆದೆ. ‘ಮಿಸ್’ ಕಾರ್ಡು ಸಿಕ್ಕಿತೆಂದು ಹಿಗ್ಗಿ ನೋಡಿದರೆ ಅದು ಪಕ್ಕದ ಖಾನೆಯದು, ‘ಮೈಂಡ್’ ಕಾರ್ಡು. ‘ಬೇಸರ ಮಾಡಿಕೋ’ ಎಂಬ ಅರ್ಥ, ಕೆಳಗೆ ಉದಾಹರಣೆ: ‘ಕಿಟಕಿ ತೆಗೆದರೆ ನಿಮಗೆ ಬೇಸರವೇ?’ ಕಾರ್ಡಿನ ಮೇಲೆ ಧೂಳು ಕೂತಿರಲಿಲ್ಲ.

"ಇದನ್ನ ನಾವು ಹೋದ ವಾರ ಓದಿದ್ವಾ?" ಎಂದು ಅಕ್ಕ ಕೇಳಿದರು.

ಓದಿದ್ದೆವು. ಕಿಟಕಿಯ ವಾಕ್ಯ ನನಗೆ ಚೆನ್ನಾಗಿ ನೆನಪಿತ್ತು. ‘ಮೈಂಡ್’ ಪುಟ ಶುರುವಾದದ್ದೇ ಅದರಿಂದ. ಓದಿ ಮುಗಿಸಿ ಖಾನೆಯನ್ನು ನಾನೇ ಮರಳಿ ಇಟ್ಟಿದ್ದೆ.

ಅಕ್ಕ ‘ಮೈಂಡ್’ ಖಾನೆಯನ್ನು ಇಡಿಯಾಗಿ ತಂದು ಮೇಜಿನ ಮೇಲಿಟ್ಟು, ಅಚ್ಚಾದ ‘ಮೈಂಡ್’ ಪುಟವನ್ನು ಎದುರಿಗೆ ಹರಡಿಕೊಂಡು, ಓದು ಎಂದರು. ನನಗೆ ರೇಗಿತು. ಕಳುವಾದದ್ದು ಒಂದು, ಇವರು ಓದಿಸುವುದು ಇನ್ನೊಂದು. ಆದರೂ ಓದಿದೆ. ಮೊದಲ ಕಾರ್ಡುಗಳಲ್ಲಿ ‘ನೆನಪಿಟ್ಟುಕೋ’ ಎಂದಿತ್ತು. ಆಮೇಲೆ ‘ಗಮನ ಕೊಡು’, ‘ಜೋಪಾನವಾಗಿ ನೋಡಿಕೋ’, ‘ಎಚ್ಚರದಿಂದಿರು’. ಕಟ್ಟಕಡೆಗೆ ‘ಬೇಸರ ಮಾಡಿಕೋ’ ಅರ್ಥದ ಉಳಿದ ಕಾರ್ಡುಗಳು. ಓದುತ್ತಾ ಓದುತ್ತಾ ನನ್ನ ನಾಲಿಗೆ ತೊಡರಿತು. ಹೋದ ವಾರ ಹರಿದ ದಾರಿಯಲ್ಲಿ ಅದು ಹರಿಯುತ್ತಿರಲಿಲ್ಲ.

ಅಕ್ಕ ‘ಮೀಟ್’ ಖಾನೆ ತರಿಸಿ ಅದನ್ನೂ ಓದಿಸಿದರು. ಅದು ಅಚ್ಚಾದ ಪುಟದ ಸಾಲಿನಲ್ಲೇ ಇತ್ತು. ಇನ್ನೂ ನಾಲ್ಕಾರು ಖಾನೆ ಓದಿಸಿದರು, ಅವೂ ಸರಿಯಾಗಿದ್ದವು. ನನ್ನ ಗಂಟಲು ಕಟ್ಟಿತು. ಅಕ್ಕ ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿ ಕೈಚೀಲದೊಳಗಿಟ್ಟರು. ಅವರ ಪಾಲಿಗೆ ಪತ್ತೆಯ ಕೆಲಸ ಮುಗಿಯಿತೆಂಬುದಕ್ಕೆ ಅದೇ ಗುರುತು. ಆದರೆ ಎಂದಿನಂತೆ ಮುಖದಲ್ಲಿ ಗೆಲುವಿರಲಿಲ್ಲ.

ಶುಕ್ರವಾರವಿಡೀ ಅವರು ಬಾಯಿ ಬಿಡಲಿಲ್ಲ. ಕಿರಿಯ ಸಂಪಾದಕಿ ಮೇಜಿನ ಮೇಲಿನ ತನ್ನ ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಸುತ್ತಿದ್ದಳು. ನನಗೆ ನೋಡಲಾಗದೆ, ಯಾರೆಂದು ಗೊತ್ತಿದ್ದರೆ ಹೇಳಿಬಿಡಬಾರದೇ ಎಂದು ಅಕ್ಕನ ಮೇಲೆ ಹರಿಹಾಯ್ದೆ.

"ಗೊತ್ತಿರೋದಕ್ಕೇ ಕಷ್ಟ," ಎಂದರು ಅಕ್ಕ. "ನಾಳೆ ಎಲ್ಲರೂ ಇರ್ಲಿ. ರಜೆಯಲ್ಲಿರೋರನ್ನೂ ಕರೆಸು."

ರಜೆಯಲ್ಲಿದ್ದವರು ಉಪಸಂಪಾದಕರು ಒಬ್ಬರೇ. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರಾದ್ದರಿಂದ ಎಲ್ಲರಿಗೂ ಅವರು ಮೇಷ್ಟ್ರು. ಗುರುವಾರದಿಂದ ಮೈ ಸರಿಯಿಲ್ಲವೆಂದು ಹೇಳಿ ಕಳಿಸಿದ್ದರು. ಆ ಬೇಸಿಗೆಯಲ್ಲಿ ಅವರ ಹೆಂಡತಿ ತೀರಿಕೊಂಡಿದ್ದರು. ಆಕೆ ನಮಗೆಲ್ಲ ಅತ್ತಿಗೆ. ಸಂಜೆ ಪೇಟೆಗೆ ಬಂದವರು ಚಪ್ಪಲಿ ಅಂಗಡಿಯ ಮುಂದೆ ನಿಂತು, "ನಿಮ್ಮ ಪದಗಳು ನಾಳೆಗೂ ಇರ್ತವೆ, ತರಕಾರಿ ಇರಲ್ಲ, ಇಳಿದು ಬನ್ನಿ," ಎಂದು ಕೂಗುತ್ತಿದ್ದರು. ಮೇಷ್ಟ್ರು ಅರ್ಧ ವಾಕ್ಯದಲ್ಲಿ ಪೆನ್ನು ಮುಚ್ಚಿ ಓಡುತ್ತಿದ್ದರು. ನಾವು ಬೇಕಾದಷ್ಟು ನಗುತ್ತಿದ್ದೆವು. ಅವೆಲ್ಲ ಎಂಥ ಒಳ್ಳೆಯ ಸಂಜೆಗಳಾಗಿದ್ದವು ಎಂಬುದು ಆಗ ಯಾರಿಗೂ ತಿಳಿಯಲಿಲ್ಲ.

ಶನಿವಾರ ಮಧ್ಯಾಹ್ನ ಉದ್ದ ಮೇಜಿನ ಸುತ್ತ ಎಲ್ಲರೂ ಕೂತೆವು. ಪೂರ್ಣವಿರಾಮ ಮೇಜಿನ ಒಂದು ತುದಿಯಲ್ಲಿ, ಎದುರಿನ ಕೊನೆಯಲ್ಲಿ ಕಿರಿಯ ಸಂಪಾದಕಿ, ಅವಳ ಕಾಲ ಬಳಿ ತುಂಬಿದ ಚೀಲ. ಉದಾಹರಣೆ ಉಗುರು ಕಚ್ಚುತ್ತಿದ್ದ. ಮೇಷ್ಟ್ರು ಹೆಗಲ ಬಟ್ಟೆಚೀಲವನ್ನು ಮಡಿಲಲ್ಲಿಟ್ಟುಕೊಂಡು, ಗಡ್ಡ ಬೆಳೆದ ಮುಖದಲ್ಲಿ, ಏತಕ್ಕೆ ಕರೆಸಿದಿರಿ ಎಂದು ಮೆಲ್ಲಗೆ ಕೇಳಿದರು. ಅಕ್ಕ ಎದ್ದು ನಿಂತರು.

ಮೊದಲು ಅವರು ಕಿಟಕಿಯ ಮಾತೆತ್ತಿದರು. ಅದು ಒಳಗೆ ಬರಲು ತೆಗೆದದ್ದಲ್ಲ, ಬೆಳಕಿಗಾಗಿ ತೆಗೆದದ್ದು. ಬುಧವಾರ ಸಂಜೆ ಕರೆಂಟಿರಲಿಲ್ಲ. ಬಂದವನು ಮುಸ್ಸಂಜೆಯ ಮಬ್ಬಿನಲ್ಲಿ ಬೀರು ತೆಗೆದಿದ್ದಾನೆ. ಕೀಲಿ ಎಲ್ಲಿರುತ್ತದೆಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಚಹಾ ಅಂಗಡಿಗೆ ಹೋಗುವ ಹಿಂದಿನ ಮೆಟ್ಟಿಲೂ ಎಲ್ಲರಿಗೂ ಗೊತ್ತು. ಆ ದಾರಿಯಲ್ಲಿ ಹೋಗಿಬರುವವರು ಮುಂಬಾಗಿಲ ಕಾವಲುಗಾರನಿಗೆ ಕಾಣುವುದಿಲ್ಲ. ಹುಡುಗಿ ನಲ್ಲಿಯ ಹತ್ತಿರ ಮಸಿ ತೊಳೆಯುತ್ತಿದ್ದಾಗ ಅವನು ಒಳಗೆ ಬಂದು ಕೆಲಸ ಮುಗಿಸಿ ಹೋಗಿದ್ದಾನೆ.

"ಅದು ಅವಳೇ ಯಾಕಾಗಿರಬಾರ್ದು?" ಎಂದು ಪೂರ್ಣವಿರಾಮ ತಡೆದರು.

"ಹಗಲೆಲ್ಲ ಆ ಬೀರು ಅವಳ ಕೈಯಲ್ಲೇ ಇರುತ್ತೆ ಸಾರ್. ಯಾವಾಗ ಬೇಕಾದ್ರೂ ಎಲ್ಲರೆದುರೇ ಎತ್ಕೊಂಡು ಹೋಗ್ಬಹುದು, ಯಾರೂ ಯಾಕೆ ಅಂತ ಕೇಳಲ್ಲ. ಕತ್ತಲೇಲಿ ತಡಕಾಡೋ ಗ್ರಹಚಾರ ಅವಳಿಗೇನು?"

ಆಮೇಲೆ ಬೀರುವಿನ ಅಡಿ ಸಿಕ್ಕ ಕಾರ್ಡನ್ನು ಮೇಜಿನ ಮೇಲಿಟ್ಟರು. ಮಬ್ಬಿನಲ್ಲಿ ಕಳ್ಳ ಮೊದಲು ತಪ್ಪು ಖಾನೆಗೆ, ‘ಮೈಂಡ್’ ಖಾನೆಗೆ ಕೈ ಹಾಕಿದ. ಅದು ಕೈಜಾರಿ ಬಿತ್ತು, ಕಾರ್ಡುಗಳೆಲ್ಲ ಚೆಲ್ಲಿದವು. ಒಂದು ಬೀರುವಿನಡಿಗೆ ಸರಿದದ್ದು ಅವನಿಗೆ ಕಾಣಲಿಲ್ಲ. ಉಳಿದವನ್ನು ಬಾಚಿ ಮತ್ತೆ ಖಾನೆಗೆ ತುಂಬಿದ.

"ಹೊರಗಿನವನಾಗಿದ್ರೆ ನೆಲದ ಮೇಲೇ ಬಿಟ್ಟು ಹೋಗ್ತಿದ್ದ, ಇಲ್ಲ ಅಂದ್ರೆ ಹೆಂಗೋ ತುರುಕ್ತಿದ್ದ," ಎಂದರು ಅಕ್ಕ. "ಇವನು ಕಿಟಕಿ ಹತ್ರ ಕೂತು ಜೋಡಿಸಿದ್ದಾನೆ. ಸಿಕ್ಕಿಬೀಳ್ತೀನಿ ಅನ್ನೋ ಭಯದಲ್ಲೂ, ಕಾರ್ಡು ಕಲಸಿಹೋಗಿರೋದನ್ನ ನೋಡಿ ಎದ್ದು ಹೋಗಕ್ಕೆ ಆಗಿಲ್ಲ ಅವನಿಗೆ. ಇಂಥ ರೋಗ ನಮ್ಮೋರಿಗೆ ಬಿಟ್ರೆ ಯಾರಿಗೂ ಇಲ್ಲ."

ಯಾರೋ ಸಣ್ಣಗೆ ನಕ್ಕರು. ಅಕ್ಕ ನಗಲಿಲ್ಲ. ಅವನು ಹೇಗೆ ಜೋಡಿಸಿದ ಎಂಬುದೇ ಮುಖ್ಯ ಎಂದು ಮುಂದುವರಿಸಿದರು. ಪೂರ್ಣವಿರಾಮ ಈ ಕಚೇರಿಗೆ ಬಂದ ಹೊಸದರಲ್ಲಿ ಒಂದು ಬದಲಾವಣೆ ಮಾಡಿದ್ದರು. ಅದಕ್ಕೂ ಮೊದಲು ಪ್ರತಿ ಪದದ ಅತ್ಯಂತ ಹಳೆಯ ಅರ್ಥ ಮೊದಲು ಬರುತ್ತಿತ್ತು, ಹೊಸದು ಕೊನೆಗೆ. ಇವರು ಬಂದು ಅದನ್ನು ಬುಡಮೇಲು ಮಾಡಿ, ಜನ ಹೆಚ್ಚು ಬಳಸುವ ಅರ್ಥ ಮೊದಲಿಗೆ ಬರಬೇಕೆಂದರು. ಖಾನೆಗಳೆಲ್ಲ ಮರುಜೋಡಣೆಯಾದವು. ಆ ಧೂಳಿಗೆ ಕೆಮ್ಮಿದ್ದು ನನಗೇ ನೆನಪಿದೆ. ಕಾರ್ಡುಗಳಿಗೆ ನಂಬರಿರುವುದಿಲ್ಲ. ಜೋಡಿಸುವವನ ತಲೆಯಲ್ಲಿರುವ ಕ್ರಮವೇ ಕ್ರಮ. ಹೋದ ವಾರ ನಾನು ಓದಿದಾಗ ‘ಮೈಂಡ್’ ಖಾನೆ ‘ಬೇಸರ ಮಾಡಿಕೋ’ ಎಂದು ಶುರುವಾಗಿತ್ತು, ಅಚ್ಚಾದ ಪುಟವೂ ಹಾಗೇ ಇದೆ. ಗುರುವಾರ ಅದು ‘ನೆನಪಿಟ್ಟುಕೋ’ ಎಂದು ಶುರುವಾಯಿತು. ಅದು ಆ ಪದದ ಅತಿ ಹಳೆಯ ಅರ್ಥ, ಈಗ ಯಾರೂ ಹೆಚ್ಚಾಗಿ ಬಳಸದ ಅರ್ಥ.

"ಈ ಹುಡುಗಿಗೆ, ಈ ಉದಾಹರಣೆಗೆ, ಹೊಸ ಕ್ರಮ ಒಂದೇ ಗೊತ್ತು. ಪ್ರಧಾನ ಸಂಪಾದಕರು ಹೊಸ ಕ್ರಮ ತಂದೋರು. ನಾನೂ, ನಂಗೆ ಓದಿ ಹೇಳೋ ಇವನೂ ಹಳಬರೇ, ಆದ್ರೆ ನಾವು ಓದೋರು, ಜೋಡಿಸೋರಲ್ಲ. ಮಬ್ಬು ಬೆಳಕಲ್ಲಿ, ಗಾಬರಿಯಲ್ಲಿ, ತಲೆ ಯೋಚನೆ ಮಾಡಲ್ಲ, ಕೈ ತಾನೇ ಕೆಲಸ ಮಾಡುತ್ತೆ. ಅದು ಮೊದಲು ಕಲಿತ ಹಾಗೆ ಮಾಡುತ್ತೆ. ಹಳೇ ಕ್ರಮ ಕಲಿತ ಕೈ ಈ ಕಚೇರೀಲಿ ಈಗ ಒಂದೇ ಉಳ್ದಿರೋದು."

ಅವರು ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಮೇಷ್ಟ್ರು ಅಕ್ಕನನ್ನು ನೋಡುತ್ತಿರಲೇ ಇಲ್ಲ. ಕಿರಿಯ ಸಂಪಾದಕಿಯ ಕಾಲ ಬಳಿಯ ಚೀಲವನ್ನು ನೋಡುತ್ತಿದ್ದರು.

"ಇದೇನು, ನೀನು ಎಲ್ಲಿಗೆ ಹೊರಟಿದ್ದೀಯ?" ಎಂದು ಕೇಳಿದರು.

ಅವಳು ಕೆಲಸ ಬಿಡಬೇಕಾಗಿದೆ ಎಂದು ನಾನೇ ಹೇಳಿದೆ. ಮೇಷ್ಟ್ರ ಮುಖದಲ್ಲಿದ್ದ ಅಷ್ಟಿಷ್ಟು ರಕ್ತವೂ ಇಂಗಿಹೋಯಿತು. ತಮ್ಮ ಬಟ್ಟೆಚೀಲದೊಳಗಿಂದ ದಾರ ಕಟ್ಟಿದ ಕಾರ್ಡುಗಳ ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟರು.

"ನಾನೇ. ನಿನ್ನ ಮೇಲೆ ಬರುತ್ತೆ ಅಂತ ಹೊಳೀಲೇ ಇಲ್ಲ ಮಗು. ಪುಟ ಒಂದೆರಡು ದಿನ ನಿಲ್ಲುತ್ತೆ, ಸೋಮವಾರ ತಂದಿಡ್ತೀನಿ, ಯಾರೋ ಬೇರೆ ಕಡೆ ಇಟ್ಟಿದ್ರು ಅಂತ ಮುಗಿದುಹೋಗುತ್ತೆ ಅನ್ಕೊಂಡೆ. ಮನೇಲಿ ಕೂತಿದ್ದೆ, ಇಲ್ಲಿ ಏನಾಗ್ತಿದೆ ಅಂತ ಗೊತ್ತಾಗಲಿಲ್ಲ."

ಇದೊಂದನ್ನು ಬಿಟ್ಟು ಬೇರೆ ಏನನ್ನಾದರೂ ನಂಬಲು ಪೂರ್ಣವಿರಾಮ ಸಿದ್ಧರಿದ್ದರೆಂದು ಕಾಣುತ್ತದೆ. ಕಟ್ಟಿನ ಕಡೆಗೆ ಬಾಗಿ, ಆ ಅರ್ಥ ನಿಮ್ಮದೇ ಅಲ್ಲವೇ, ನಿಮ್ಮ ಕೈಬರಹವೇ ಅಲ್ಲವೇ ಎಂದು ಕೇಳಿದರು. ಅದು ನನಗೂ ಹೊಸ ಸುದ್ದಿ. ಮೇಷ್ಟ್ರು ಕಟ್ಟಿನ ಮೇಲಿನ ಕಾರ್ಡನ್ನು ಬೆರಳಿನಿಂದ ತೋರಿಸಿದರು. ‘ಕೊರತೆಯನ್ನು ಅನುಭವಿಸು’ ಎಂದು ದುಂಡು ಅಕ್ಷರದಲ್ಲಿ ಬರೆದಿತ್ತು, ಮಸಿ ಕಂದುಬಣ್ಣಕ್ಕೆ ತಿರುಗಿತ್ತು.

"ಇಲ್ಲಿ ಸೇರಿದ ಹೊಸದರಲ್ಲಿ ಬರ್ದಿದ್ದು. ಆಗಷ್ಟೇ ಮದುವೆಯಾಗಿತ್ತು. ಸಂಜೆ ಕೆಳಗೆ ನಿಂತು ಕರೀತಾಳೆ ಅಂತ ಒಂದು ಕಿವಿ ಬೀದಿ ಕಡೆ ಇಟ್ಕೊಂಡು ಬರ್ದೆ. ನಂಗೇನು ಗೊತ್ತಿತ್ತು ಆ ಪದದ ಬಗ್ಗೆ? ಇಷ್ಟು ವರ್ಷ ನೆನಪೇ ಬರಲಿಲ್ಲ. ಈಗ ಕರಡು ಕೈಗೆ ಬಂದಾಗ ಓದ್ದೆ. ನಾಚಿಕೆ ಆಯ್ತು. ಇದು ಅಚ್ಚಾಗಿ ಹೋದ್ರೆ ಇನ್ನು ತಿದ್ದಕ್ಕಾಗಲ್ಲ. ಒಂದು ವಾರ ಕೇಳ್ದೆ, ನೀವು ಕೊಡಲಿಲ್ಲ."

ಕಾರಣ ಹೇಳಿದ್ದರೆ ಕೊಡುತ್ತಿರಲಿಲ್ಲವೇ ಎಂದು ಪೂರ್ಣವಿರಾಮ ತಗ್ಗಿದ ದನಿಯಲ್ಲಿ ಕೇಳಿದರು. ಸಭೆಯಲ್ಲಿ ಹೇಗೆ ಹೇಳುವುದು, ಬಾಯಿ ಬಿಟ್ಟಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ ಎಂದರು ಮೇಷ್ಟ್ರು. ನಿಯಮ ಮುರಿದಿದ್ದೇನೆ, ಒಂದು ಹುಡುಗಿಯ ಅನ್ನಕ್ಕೆ ಕಲ್ಲು ಹಾಕಲಿದ್ದೆ, ಅವಳ ಬದಲು ನಾನು ಹೋಗುತ್ತೇನೆ ಎಂದೂ ಹೇಳಿದರು.

ಆಗ ನಡೆದದ್ದನ್ನು ನಾನು ಕಣ್ಣಾರೆ ಕಾಣದಿದ್ದರೆ ನಂಬುತ್ತಿರಲಿಲ್ಲ. ಪೂರ್ಣವಿರಾಮ ಕುರ್ಚಿಯಿಂದ ಎದ್ದು, ಮೇಜಿನ ಇನ್ನೊಂದು ತುದಿಯವರೆಗೆ ನಡೆದು ಬಂದು, ಕಿರಿಯ ಸಂಪಾದಕಿಯ ಮುಂದೆ ನಿಂತರು. "ತಪ್ಪಾಯ್ತಮ್ಮ. ನಾನು ವಿಚಾರಿಸದೇ ಹೇಳಿಬಿಟ್ಟೆ," ಎಂದರು. ಆ ಮನುಷ್ಯ ಆ ಮಾತು ಹಿಂದೆಂದೂ ಆಡಿದ್ದನ್ನು ನಾವು ಕೇಳಿರಲಿಲ್ಲ. ಮೇಷ್ಟ್ರ ವಿಷಯ ಏನು ಮಾಡಬೇಕೋ ನೀನೇ ಹೇಳು, ನೋವಾದದ್ದು ನಿನಗೆ ಎಂದು ಅವಳಿಗೇ ಬಿಟ್ಟರು.

ಅವಳು ಚೀಲದಿಂದ ತನ್ನ ಮಸಿಕುಡಿಕೆಯನ್ನು ಹೊರತೆಗೆದು ಮೇಜಿನ ಮೇಲಿಟ್ಟಳು. ಉತ್ತರ ಅದರಲ್ಲೇ ಇತ್ತು. ಆಮೇಲೆ ಮೇಷ್ಟ್ರ ಪಕ್ಕದ ಕುರ್ಚಿಗೆ ಬಂದು ಕೂತು, ಮೂರು ದಿನ ಹುಡುಕಿದ್ದಕ್ಕೆ ಅರ್ಥ ಸಿಕ್ಕಿತೇ ಎಂದು ಕೇಳಿದಳು.

"ಇಲ್ಲ ಮಗು. ಬೇಕಾದಷ್ಟು ಬರ್ದೆ, ಹರ್ದು ಹಾಕ್ದೆ. ಯಾವ ಪದ ಇಟ್ರೂ ಅವಳು ಇರ್ಲಿಲ್ಲ ಅದರಲ್ಲಿ. ಕೊನೆಗೆ ನೋಡಿದ್ರೆ ಆಗ ಬರ್ದಿದ್ದಕ್ಕಿಂತ ಒಳ್ಳೇದು ಒಂದೂ ಇಲ್ಲ."

"ಹಾಗಾದ್ರೆ ಅರ್ಥ ಹಾಗೇ ಇರ್ಲಿ ಬಿಡಿ. ಅದರ ಕೆಳಗೆ ಉದಾಹರಣೆ ಇಲ್ಲ, ನೋಡಿ. ನಿಮಗೆ ಅದು ಹೇಗಾಗುತ್ತೆ, ಅಷ್ಟು ಹೇಳಿ. ನಾನು ಬರ್ಕೋತೀನಿ."

ಮೇಷ್ಟ್ರು ಯೋಚಿಸಿದರು. ಕೆಳಗೆ ಚಪ್ಪಲಿ ಅಂಗಡಿಯವನು ಯಾರಿಗೋ ಅಳತೆ ಕೇಳುತ್ತಿದ್ದದ್ದು ಮೇಲಕ್ಕೆ ಕೇಳಿಸುತ್ತಿತ್ತು. ಆಮೇಲೆ ಅವರು, ದೊಡ್ಡ ವಿಷಯ ಏನೂ ಅಲ್ಲ ಎಂಬಂತೆ, ಒಂದು ವಾಕ್ಯ ಹೇಳಿದರು. ಅವಳು ಹೊಸ ಕಾರ್ಡಿನಲ್ಲಿ ಅದನ್ನು ಬರೆದು, ಇಂಗ್ಲಿಷಿಗೂ ತಿರುಗಿಸಿ, ಮಸಿ ಆರಲು ಊದಿ, ಹಳೆಯ ಕಾರ್ಡಿನ ಹಿಂದೆ ಸೇರಿಸಿದಳು.

ಅಲ್ಲೇ, ಎಲ್ಲರ ಮುಂದೆ, ನಾನು ಕಾರ್ಡುಗಳನ್ನು ಓದಿದೆ. ಅಕ್ಕ ಕರಡಿನಲ್ಲಿ ಹೋಲಿಸುತ್ತಾ ಬಂದರು. ಹೊಸ ವಾಕ್ಯ ಬಂದಾಗ ಅದನ್ನು ಕರಡಿನ ಅಂಚಿನಲ್ಲಿ ಸೇರಿಸಬೇಕಿತ್ತು. ಅಕ್ಕ ಒಮ್ಮೆ ಕೇಳಿಸಲಿಲ್ಲವೆಂದರು. ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು, ಕಣ್ಣು ಒರೆಸಿಕೊಳ್ಳಲು ಬಿಡುವು ಬೇಕಾಗಿತ್ತು. ಎರಡನೆಯ ಸಲ ಓದುವಾಗ ನನ್ನ ದನಿಯೂ ಸರಿಯಿರಲಿಲ್ಲ.

ಕರಡು ಪೂರ್ಣವಿರಾಮ ಅವರ ಕೈಗೆ ಹೋಯಿತು. ಅವರು ಅಂಚಿನ ವಾಕ್ಯವನ್ನು ಓದಿದರು. ಮತ್ತೆ ಓದಿದರು. ಉದಾಹರಣೆಯಲ್ಲಿ ಆ ಕ್ರಿಯಾಪದ ಇರಲೇಬೇಕೆಂಬುದು ಅವರೇ ಮಾಡಿದ ನಿಯಮ, ಇದರಲ್ಲಿ ‘ಮಿಸ್’ ಎಂಬುದು ಎಲ್ಲೂ ಇರಲಿಲ್ಲ. ಅದು ಅವರ ಕಣ್ಣಿಗೆ ಬಿತ್ತೆಂದು ನಮಗೆಲ್ಲ ಗೊತ್ತಾಯಿತು. ಪೆನ್ನು ಕಾಗದದ ಮೇಲೆ ತಡೆದು ನಿಂತಿತು. ಆಮೇಲೆ ಏನೂ ಹೇಳದೆ ಸಹಿ ಹಾಕಿದರು.

ನಿಘಂಟು ಈಗ ಎಲ್ಲಾದರೂ ಸಿಕ್ಕರೆ ತೆಗೆದು ನೋಡಿ, ಆ ಪುಟದಲ್ಲಿ, ಆ ಅರ್ಥದ ಕೆಳಗೆ ಸಣ್ಣ ಅಕ್ಷರದಲ್ಲಿದೆ: ‘ಅವಳು ಮಲಗಿರುತ್ತಾಳೆಂದು ಮಧ್ಯಾಹ್ನ ರೇಡಿಯೊ ಸದ್ದು ಕಡಿಮೆ ಮಾಡಿದೆ.’